ಕಿಷ್ಕಿಂಧೆಗೆ ಬಂದ ಬಂದೂಕು

ಹೊಸ ಬಂದೂಕು ಮನೆಗೆ ಬಂದರೆ ಮೊದಲು ಬಲಿಯಾಗುವುದು ಹಳೆಯ ಧೋತರಗಳು. ಕಾಡುಹಂದಿಯ ಸರದಿ ಆಮೇಲಿನದು, ಅದೂ ಬಂದರೆ. ದಾರಿಯಲ್ಲಿ, ಗೋದಾಮಿನಲ್ಲಿ ತುಕ್ಕು ಹಿಡಿಯದಿರಲೆಂದು ಕಾರ್ಖಾನೆಯವರು ಒಳಗೂ ಹೊರಗೂ ಗ್ರೀಸು ಮೆತ್ತಿ ಕಳಿಸಿರುತ್ತಾರೆ. ಅದನ್ನು ಪೂರ್ತಿ ತೆಗೆಯುವ ತನಕ ಗುಂಡು ಹಾಕುವ ಮಾತಿಲ್ಲ. ತೆಗೆಯುವುದಕ್ಕೆ ಒಗೆದು ಒಗೆದು ಮೆತ್ತಗಾದ ಹತ್ತಿ ಬಟ್ಟೆಯೇ ಆಗಬೇಕು. ಹನುಮನಹಳ್ಳಿಯ ನಮ್ಮ ಸೋದರಮಾವ ಟ್ರಂಕು ತೆರೆದು, ತನ್ನ ಅಪ್ಪನ ಕಾಲದ ಧೋತರವನ್ನು ಪರಪರ ಹರಿಯತೊಡಗಿದಾಗ ಅತ್ತಿ ಬಾಗಿಲಿಗೆ ಬಂದು ನಿಂತಳು. "ಹಂದಿ ಬರೇ ಬೆಳಿ ತಿಂತಿತ್ತು. ಇದು ಬಂದ ದಿನಾನ ಅರಿವಿ ತಿನ್ನಾಕ ಹತ್ತೇತಿ ನೋಡ್ರಿ."

ಹನುಮನಹಳ್ಳಿ ಇರುವುದು ಗಂಗಾವತಿ ತಾಲ್ಲೂಕಿನಲ್ಲಿ, ಕಿಷ್ಕಿಂಧೆ ಎಂದು ಜನ ನಂಬುವ ಆನೆಗೊಂದಿಯ ಮಗ್ಗುಲಿಗೆ, ಅಂಜನಾದ್ರಿಯ ಬುಡಕ್ಕೆ. 575 ಮೆಟ್ಟಿಲು ಹತ್ತಿ ಹನುಮಪ್ಪನ ದರ್ಶನ ಮಾಡುವವರಿಗೆ ಮೇಲಿನಿಂದ ಕಾಣುವ ಹಸಿರೆಲ್ಲ ಭತ್ತ ಮತ್ತು ಬಾಳೆ. ವಿಜಯನಗರದವರು ಕಡಿಸಿದ ಕಾಲುವೆಗಳಲ್ಲಿ ಈಗಲೂ ನೀರು ಹರಿಯುವ ಸೀಮೆ ಇದು. ಕೆಳಗೆ ನೀರು, ಮೇಲೆ ಬಂಡೆ. ಬಂಡೆಯ ಸಂದಿಯಲ್ಲಿ ಚಿರತೆ, ಕರಡಿ, ಪೊದೆಯಲ್ಲಿ ಹಂದಿ. ಹೊಳೆಯ ಆಚೆ 1994ರಲ್ಲಿ ಸರ್ಕಾರ ದರೋಜಿಯಲ್ಲಿ ಕರಡಿಧಾಮ ಮಾಡಿತು. ಈಚೆಯ ಕರಡಿಗಳಿಗೆ ಆ ಸುದ್ದಿ ಯಾರೂ ತಿಳಿಸಿದಂತಿಲ್ಲ.

ಮಾವನಿಗೆ ಬೇಕಾಗಿದ್ದದ್ದು ರೈಫಲ್ಲು. ಸಿನಿಮಾದಲ್ಲಿ ಕಂಡಂಥದ್ದು, ದುರ್ಬೀನು ಕೂಡಿಸಿದ್ದು. ಆದರೆ 1959ರ ಶಸ್ತ್ರಾಸ್ತ್ರ ಕಾಯ್ದೆ ಬರೆದವರಿಗೆ ರೈತರ ಉತ್ಸಾಹ ಮೊದಲೇ ಗೊತ್ತಿದ್ದಂತಿದೆ. ಬೆಳೆ ಕಾಯುವುದಕ್ಕೆ ಎಂದರೆ ಬಾಯಿಯಿಂದ ಮದ್ದು ತುಂಬುವ ಬಂದೂಕು. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ನುಣುಪು ನಳಿಗೆಯ ಬೇರೆ ಬಂದೂಕು. ರೈಫಲ್ಲಿನ ನಳಿಗೆಯೊಳಗೆ ಸುರುಳಿ ಸುರುಳಿಯಾಗಿ ಗೀರು ಕೊರೆದಿರುತ್ತಾರೆ, ಗುಂಡು ತಿರುಗುತ್ತ ಹೋಗಿ ದೂರದ ಗುರಿ ಮುಟ್ಟಲೆಂದು. ಬಾಳೆ ತೋಟ ಕಾಯುವವನಿಗೆ ಅಷ್ಟು ದೂರದ ಗುರಿ ಏತಕ್ಕೆ ಎಂಬುದು ಕಾಯ್ದೆಯ ಪ್ರಶ್ನೆ. ಅರ್ಜಿ, ಪೊಲೀಸರ ವರದಿ, ಪಹಣಿ, ಸುರಕ್ಷತಾ ತರಬೇತಿ, ಇವೆಲ್ಲ ಮುಗಿದು ಮಾವನ ಪಾಲಿಗೆ ಬಂದದ್ದು ಒಂಟಿ ನಳಿಗೆಯ ಹನ್ನೆರಡು ಬೋರಿನದು. ಆ ನಳಿಗೆಯಲ್ಲಿ ಸರಿಯಾಗಿ ಕೂರುವ ಸೀಸದ ಗುಂಡುಗಳು ಹನ್ನೆರಡು ಸೇರಿದರೆ ಒಂದು ಪೌಂಡು ತೂಕ, ಅದಕ್ಕೇ ಹನ್ನೆರಡು. ಊರಿನವರು ಅದನ್ನೂ ರೈಫಲ್ ಎಂದೇ ಕರೆದರು. ಮಾವ ತಿದ್ದಲು ಹೋಗಲಿಲ್ಲ.

ತೊಳೆಯುವ ಉಸ್ತುವಾರಿ ಎದುರು ಮನೆಯ ನಿವೃತ್ತ ಹವಾಲ್ದಾರರದು. ಕಟ್ಟೆಯ ಮೇಲೆ ಗೋಣಿಚೀಲ ಹಾಸಿ, ಮಕ್ಕಳನ್ನು ಹಿಂದಕ್ಕೆ ಸರಿಸಿ, ಬಂದೂಕಿನ ಬಾಯಿ ಗುಡ್ಡದ ಕಡೆ ತಿರುಗಿಸಿದರು. ನಳಿಗೆ ಮಡಚಿ ತೆರೆದು ಒಳಗೆ ಇಣುಕಿ, ಬೆರಳನ್ನೂ ಹಾಕಿ ನೋಡಿದರು. ಅಂಗಡಿಯಿಂದ ಡಬ್ಬಿಯಲ್ಲೇ ಬಂದ ಬಂದೂಕಿನಲ್ಲಿ ತೋಟಾ ಎಲ್ಲಿಂದ ಬರಬೇಕು ಎಂದು ಮಾವ ನಕ್ಕದ್ದಕ್ಕೆ, "ಖಾಲಿ ಐತಿ ಅಂತ ಬ್ರಹ್ಮ ಬಂದು ಹೇಳಿದ್ರೂ ನಂಬಬ್ಯಾಡ್ರಿ ಗೌಡ್ರ, ನೀವ ನೋಡ್ರಿ," ಎಂದರು. ಅಲ್ಲಿಂದ ಮುಂದೆ ಮಾವ ನಗಲಿಲ್ಲ.

ಮೂರು ತುಂಡು ತಿರುಪಿ ಜೋಡಿಸಿದ ಉದ್ದನೆಯ ಕೋಲು, ಅದರ ತುದಿಗೆ ತಂತಿಯ ಬ್ರಷ್ಷು. ಗ್ರೀಸು ಕರಗಿಸುವ ಸೀಮೆಎಣ್ಣೆ ರೇಷನ್ನಿನಲ್ಲಿ ಸಿಗುವುದು ಆ ಹೊತ್ತಿಗೆ ನಿಂತಿತ್ತು. ಯಾರದೋ ಮನೆಯ ಅಟ್ಟದಿಂದ ಒಂದು ಬಾಟಲಿ ಇಳಿದು ಬಂತು. ತೋಟಾ ಹಾಕುವ ಕಡೆಯಿಂದ ಬಾಯಿಯ ಕಡೆಗೆ ತಳ್ಳಬೇಕು, ಉಲ್ಟಾ ಅಲ್ಲ. ಉಲ್ಟಾ ತಳ್ಳಿದರೆ ಹೊಲಸೆಲ್ಲ ಕುದುರೆಯ ಕೀಲಿನೊಳಗೆ ಬೀಳುತ್ತದೆ, ಬಾಯಿಯ ಅಂಚೂ ಸವೆಯುತ್ತದೆ. ಮೊದಲ ಚಿಂದಿ ಬೆಲ್ಲದ ಬಣ್ಣಕ್ಕೆ ಬಂತು. ಆಮೇಲಿನದು ಚಹಾದ ಬಣ್ಣ. ಹವಾಲ್ದಾರರು ಒಳಗೆ ಹೋದ ಪ್ರತಿ ಚಿಂದಿಯೂ ಹೊರಗೆ ಬಂದದ್ದನ್ನು ಕಟ್ಟೆಯ ಮೇಲೆ ಸಾಲಾಗಿ ಇಟ್ಟು ಲೆಕ್ಕ ಹಿಡಿದರು. ಬಟ್ಟೆಯ ಚೂರೊಂದು ನಳಿಗೆಯಲ್ಲಿ ಉಳಿದು ಮೇಲೆ ಗುಂಡು ಹಾರಿದರೆ ಸೀಳುವುದು ಹಂದಿಯಲ್ಲ, ನಳಿಗೆ. ಅದರ ಹಿಂದೆ ಇರುವುದು ಮಾಲೀಕನ ಮುಖ. ಕೊನೆಗೊಂದು ಚಿಂದಿ ಬೆಳ್ಳಗೇ ಬಂದಾಗ ನಳಿಗೆಯನ್ನು ಆಕಾಶದ ಬೆಳಕಿಗೆ ಹಿಡಿದು ಎಲ್ಲರಿಗೂ ಸರದಿಯ ಮೇಲೆ ತೋರಿಸಿದರು. ಒಳಗೆ ಹೊಸ ಸ್ಟೀಲ್ ತಂಬಿಗೆಯ ಹಾಗೆ ಬೆಳಕಿನ ಬಳೆಗಳು ಒಂದರ ಹಿಂದೊಂದು ಕೂತಿದ್ದವು. ನೋಡಿದವರೆಲ್ಲ ತಲೆದೂಗಿದರು. ಏನು ನೋಡಬೇಕೆಂದು ಗೊತ್ತಿದ್ದದ್ದು ಒಬ್ಬರಿಗೇ.

ಎಣ್ಣೆಯ ವಿಷಯಕ್ಕೆ ಬಂದಾಗ ಊರು ಎರಡಾಯಿತು. ಕೊಬ್ಬರಿ ಎಣ್ಣೆ ಎಂದರು ಕೆಲವರು, ಹರಳೆಣ್ಣೆ ಎಂದರು ಹಿರಿಯರು. ತಿನ್ನುವ, ತಲೆಗೆ ಹಚ್ಚುವ ಎಣ್ಣೆಗಳು ಕಬ್ಬಿಣದ ಮೇಲೆ ಕಾಲಕ್ರಮದಲ್ಲಿ ಅಂಟಾಗಿ ಧೂಳು ಹಿಡಿಯುತ್ತವೆ. ಹವಾಲ್ದಾರರು ಅತ್ತಿಯ ಹೊಲಿಗೆ ಯಂತ್ರದ ಎಣ್ಣೆ ಕೇಳಿದರು, ಅದೂ ತೆಳುವಾಗಿ. ಹಾರಿಸುವ ಮೊದಲು ನಳಿಗೆಯೊಳಗಿನ ಆ ಎಣ್ಣೆಯನ್ನೂ ಒಣ ಬಟ್ಟೆಯಲ್ಲಿ ಒರೆಸಿಬಿಡಬೇಕು. ಮರದ ಹಿಡಿಗೆ ಮಾತ್ರ ಅಗಸಿ ಎಣ್ಣೆ. ಅಗಸಿ ಎಣ್ಣೆ ಗಾಳಿಗೆ ಒಣಗಿ ಮರದ ಮೇಲೆ ಪದರಾಗಿ ನಿಲ್ಲುತ್ತದೆ, ನೀರು ಬೇಗ ಇಳಿಯಗೊಡುವುದಿಲ್ಲ. ಅಗಸಿಯ ಉಪಯೋಗ ರೊಟ್ಟಿಯ ಜೊತೆಗಿನ ಹಿಂಡಿಗೆ ಮುಗಿಯಿತು ಎಂದು ತಿಳಿದಿದ್ದ ನನಗೆ ಅದರ ಮೇಲೆ ಹೊಸ ಗೌರವ ಬಂತು.

ಈ ನೆಲಕ್ಕೆ ಬಂದೂಕು ಹೊಸದೇನಲ್ಲ. 1520ರಲ್ಲಿ ಕೃಷ್ಣದೇವರಾಯ ರಾಯಚೂರಿನ ಕೋಟೆಗೆ ಮುತ್ತಿಗೆ ಹಾಕಿದಾಗ ಕ್ರಿಸ್ತೊವಾವ್ ದ ಫಿಗೆರೆದೊ ಎಂಬ ಪೋರ್ಚುಗೀಸನೂ ಅವನ ಬಂದೂಕಿನವರೂ ನೆರವಿಗಿದ್ದರೆಂದು ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟಿದ್ದಾನೆ. ಆ ಕಾಲದ ಮಸಿಮದ್ದು ಸುಟ್ಟು ಉಳಿಯುವ ಕಿಟ್ಟ ಗಾಳಿಯ ತೇವ ಹೀರಿ ಬೇಗನೆ ನಳಿಗೆಗೆ ತುಕ್ಕು ತರಿಸುತ್ತದೆ. ಬಿಸಿನೀರು ಹೊಯ್ದು ತೊಳೆಯದೆ ಗತಿಯಿಲ್ಲ. ಚರಿತ್ರೆ ಬರೆಯುವವರ ಕಣ್ಣೆಲ್ಲ ಹಾರಿದ ಗುಂಡಿನ ಮೇಲೆ. ರಾತ್ರಿ ಒಲೆಯ ಮುಂದೆ ಕೂತು ಹಂಡೆಯ ನೀರು ಕಾಸಿದವನಿಗೆ ಒಂದು ಸಾಲೂ ಸಿಗುವುದಿಲ್ಲ.

ಇನ್ನು ಹಾರಿಸುವ ಮಾತು. ಯಾರಿಗೆ? ಚಿರತೆ, ಕರಡಿ, ಹಂದಿ ಎಲ್ಲವಕ್ಕೂ 1972ರ ವನ್ಯಜೀವಿ ಕಾಯ್ದೆಯ ರಕ್ಷೆ ಇದೆ. ಅಧಿಕಾರಿಗಳ ಅನುಮತಿಯಿಲ್ಲದಿದ್ದರೆ ಹೆದರಿಸಲು ಸದ್ದು ಮಾಡಬಹುದು, ಅಷ್ಟೇ. ಆ ಕೆಲಸವನ್ನು ತಗಡಿನ ಡಬ್ಬಿ ಲೈಸೆನ್ಸಿಲ್ಲದೆ ಮಾಡುತ್ತದೆ. ನಿಜ ಹೇಳಬೇಕೆಂದರೆ ಮಾವನ ಬಾಳೆಗೊನೆಗೆ ಹಗಲುಹೊತ್ತೇ ಕೈ ಹಾಕುವವರು ಮಂಗಗಳು. ಹನುಮನಹಳ್ಳಿಯಲ್ಲಿ, ಅಂಜನಾದ್ರಿಯ ನೆರಳಲ್ಲಿ, ಶನಿವಾರ ಒಪ್ಪತ್ತು ಮಾಡುವ ಮನುಷ್ಯ ಮಂಗನ ಮೇಲೆ ಬಂದೂಕು ಎತ್ತುವುದುಂಟೇ? ಪಕ್ಕದ ಆನೆಗೊಂದಿಯ ಚಿಂತಾಮಣಿಯಲ್ಲಿ ನಿಂತು ರಾಮ ವಾಲಿಗೆ ಬಾಣ ಬಿಟ್ಟನೆಂದು ಇಲ್ಲಿಯವರು ಜಾಗ ತೋರಿಸುತ್ತಾರೆ. ಮರೆಯಲ್ಲಿ ನಿಂತು ಒಬ್ಬ ಕಪಿಯನ್ನು ಹೊಡೆದದ್ದಕ್ಕೆ ಸಾಕ್ಷಾತ್ ರಾಮನನ್ನೇ ಊರ ಕಟ್ಟೆಗಳಲ್ಲಿ ಇನ್ನೂ ವಿಚಾರಿಸುತ್ತಿದ್ದಾರೆ. ಮಾವನಿಗಂತೂ ಕೇಸು ನಡೆಸಲು ಅಷ್ಟು ಯುಗಗಳ ಪುರುಸೊತ್ತಿಲ್ಲ.

ಅಷ್ಟರಲ್ಲಿ 2024ರ ಲೋಕಸಭಾ ಚುನಾವಣೆ ಬಂತು. ಕೊಪ್ಪಳದಲ್ಲಿ ಮತದಾನ ಮೇ 7ಕ್ಕೆ. ಚುನಾವಣೆ ಮುಗಿಯುವ ತನಕ ಬಂದೂಕು ಠಾಣೆಗೆ ಜಮಾ. 1857ರಲ್ಲಿ ಇಂಗ್ಲಿಷರು ಆಯುಧ ಒಪ್ಪಿಸಿ ಎಂದಾಗ ಒಪ್ಪಿಸೆವು ಎಂದು ಹಲಗಲಿಯ ಬೇಡರು ದಂಗೆಯೆದ್ದರು, ಗಲ್ಲಿಗೂ ಏರಿದರು, ಲಾವಣಿಯಾದರು. ನಮ್ಮ ಮಾವ ಬಂದೂಕನ್ನು ಇನ್ನೊಮ್ಮೆ ಒರೆಸಿ, ಎಣ್ಣೆ ಹಚ್ಚಿ, ಧೋತರದ ಉಳಿದ ಅರ್ಧದಲ್ಲಿ ಸುತ್ತಿ ಬೈಕಿನ ಹಿಂದೆ ಮಗನನ್ನು ಕೂರಿಸಿಕೊಂಡು ಒಯ್ದು, ರಸೀದಿ ಪಡೆದು ಬಂದ. ಫಲಿತಾಂಶ ಬಂದು ಬಂದೂಕು ಮರಳಿದ ಮೇಲೆ ಮತ್ತೆ ಗೋಣಿಚೀಲ, ಮತ್ತೆ ಚಿಂದಿಯ ಸಾಲು. ದಸರೆಗೆ ಆಯುಧಪೂಜೆ. ಅತ್ತಿ ಭಕ್ತಿಯಿಂದ ಏರಿಸಿದ ವಿಭೂತಿ, ಕುಂಕುಮ, ಚೆಂಡು ಹೂವಿನ ಎಸಳು ಕೀಲುಗಳಿಂದ ಹೊರಗೆ ಬರಲು ಹವಾಲ್ದಾರರ ಹಳೆಯ ಹಲ್ಲುಜ್ಜುವ ಬ್ರಷ್ಷು ಬೇಕಾಯಿತು.

ಮೊನ್ನೆ ಹೋದಾಗ ಮಾವ ಕಟ್ಟೆಯ ಮೇಲೆ ಅದನ್ನೇ ಒರೆಸುತ್ತ ಕೂತಿದ್ದ. ಹಿಡಿಯ ಮೇಲೆ ಅಗಸಿ ಎಣ್ಣೆ ಕೂತು ಮರದ ಗೆರೆಗಳೆಲ್ಲ ಎದ್ದು ಕಾಣುತ್ತಿದ್ದವು. "ಮಾವಾ, ಒಂದರ ಗುಂಡು ಹಾರಿಸಿ ನೋಡೀರೇನ್ರಿ?" ಎಂದೆ.

ಮಾವ ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಏ, ನಿನಗೇನು ಬುದ್ಧಿಗಿದ್ಧಿ ಐತೋ ಇಲ್ಲೋ? ಇಷ್ಟು ಸ್ವಚ್ಛ ಮಾಡಿಟ್ಟದ್ದನ್ನ ಯಾರರ ಹೊಲಸ ಮಾಡ್ತಾರೇನು?"