ಬೀಜಾಡಿ ಕಡಲು, ಬಾಡಿಗೆಯ ಹೀರೊ

ತಮಿಳು, ತೆಲುಗು ಎರಡರಲ್ಲೂ ಒಂದೇ ಏಟಿಗೆ ತೆಗೆಯುವ ಹೊಡೆದಾಟದ ಸಿನಿಮಾಕ್ಕೆ ಕಥೆ ಆಮೇಲೆ ಸಿಕ್ಕರೂ ನಡೆಯುತ್ತದೆ, ಊರು ಮೊದಲು ಸಿಗಬೇಕು. ಆ ಊರಿಗೆ ಸ್ವಂತದ ಮಾತು ಇರಬಾರದು. ಬೆಳಿಗ್ಗೆ ತೆಲುಗಿನಲ್ಲಿದ್ದ ಕಿರಾಣಿ ಅಂಗಡಿಯ ಬೋರ್ಡು ಊಟ ಮುಗಿಯುವಷ್ಟರಲ್ಲಿ ತಮಿಳಾಗಬೇಕು. ಜೀಪಿನ ನಂಬರ್ ಪ್ಲೇಟು ಕಳಚಿ ಪಕ್ಕದ ರಾಜ್ಯದ್ದನ್ನು ಸಿಕ್ಕಿಸಬೇಕು. ಬದಲಾಗದೆ ಉಳಿಯುವುದು ಹೀರೊನ ಮುಷ್ಟಿ ಒಂದೇ.

ಈ ಲೆಕ್ಕದಲ್ಲಿ ಕುಂದಾಪುರದ ಹತ್ತಿರದ ನಮ್ಮ ಬೀಜಾಡಿಗೆ ನೂರಕ್ಕೆ ಎಂಬತ್ತು ಮಾರ್ಕು ಧಾರಾಳವಾಗಿ ಕೊಡಬಹುದು. ಒಂದು ಬದಿಗೆ ರಾಷ್ಟ್ರೀಯ ಹೆದ್ದಾರಿ 66, ಇನ್ನೊಂದು ಬದಿಗೆ ಅರಬ್ಬಿ ಸಮುದ್ರ, ನಡುವೆ ತೆಂಗಿನ ತೋಟ. ಖಳನಾಯಕನ ಕಳ್ಳಸಾಗಣೆಗೆ ಕಡಲು, ಹೀರೊ ಸುಮೊ ಹಾರಿಸಲು ರಸ್ತೆ. ಮಳೆಗಾಲದ ಹೆದ್ದಾರಿಯ ಸ್ಥಿತಿ ನೋಡಿದರೆ ಗಾಡಿ ಹಾರಿಸಲು ಹಗ್ಗವೂ ಬೇಡ, ಕ್ರೇನೂ ಬೇಡ. ಉತ್ತರಕ್ಕೆ ಕೋಟೇಶ್ವರದ ತೇರು, ದಕ್ಷಿಣಕ್ಕೆ ಕುಂಭಾಶಿಯ ಆನೆಗುಡ್ಡೆ ಗಣಪತಿ. ಕೋಟೇಶ್ವರದ ತೇರೆಳೆಯುವ ಕೊಡಿಹಬ್ಬದ ದಿನ ಒಂದು ಕ್ಯಾಮೆರಾ ಇಟ್ಟುಬಿಟ್ಟರೆ ಹೀರೊನ ಎಂಟ್ರಿಗೆ ಬೇಕಾದ ಸಾವಿರಗಟ್ಟಲೆ ಜನ ಬಿಟ್ಟಿ ಸಿಗುತ್ತಾರೆ. ಉಳಿದ ಇಪ್ಪತ್ತು ಮಾರ್ಕು ಹೋಗುವುದು ಊರವರ ಬಾಯಿಯಿಂದ. ಕೈರಂಪಣಿ ಬಲೆ ಒಣಹಾಕಿದ ಜಾಗಕ್ಕೆ ಕಪ್ಪು ಕನ್ನಡಕದ ಐವತ್ತು ರೌಡಿಗಳು ಮಚ್ಚು ಹಿಡಿದು ಓಡಿ ಬಂದರೆ ಇಲ್ಲಿಯವರು ಕೈಮುಗಿದು ನಡುಗುವ ಪೈಕಿಯಲ್ಲ. ‘ಹ್ವಾಯ್, ಬಲೆ ಮೇಲೆ ಕಾಲಿಡ್ಬೇಡಿ ಕಾಣಿ’ ಅನ್ನುತ್ತಾರೆ. ಅಲ್ಲಿಗೆ ಕ್ಲೈಮ್ಯಾಕ್ಸ್ ಮುಗಿಯಿತು.

ನಂಬದವರು 2022ರ ಜುಲೈ 14ರಂದು ಬಿಡುಗಡೆಯಾದ ‘ದಿ ವಾರಿಯರ್’ ನೆನಪಿಸಿಕೊಳ್ಳಲಿ. ನಿರ್ದೇಶಕ ತಮಿಳಿನ ಲಿಂಗುಸ್ವಾಮಿ, ಹೀರೊ ತೆಲುಗಿನ ರಾಮ್ ಪೋತಿನೇನಿ, ಒಂದೇ ದಿನ ಎರಡೂ ಭಾಷೆಗೆ ಸರಬರಾಜು. ಕರ್ನೂಲಿಗೆ ಬಂದ ಡಾಕ್ಟರೊಬ್ಬ ಊರಿನ ಗೂಂಡಾನ ಕೈಯಲ್ಲಿ ಪೆಟ್ಟು ತಿಂದು ಹೋಗುತ್ತಾನೆ. ಮುಂದೆ ಅದೇ ಊರಿಗೆ ಪೊಲೀಸ್ ಅಧಿಕಾರಿಯಾಗಿ ಬಂದು ಪೆಟ್ಟು ಕೊಡುತ್ತಾನೆ. ಸ್ಟೆತಸ್ಕೋಪಿನಿಂದ ಲಾಠಿಗೆ ಇಷ್ಟು ಸಲೀಸಾಗಿ ವರ್ಗಾವಣೆ ಸಿಗುವುದಾದರೆ ಸರಕಾರಿ ಆಸ್ಪತ್ರೆಗಳಲ್ಲಿ ಜ್ವರಕ್ಕೆ ಮಾತ್ರೆ ಬರೆಯಲು ಯಾರು ಉಳಿಯುತ್ತಾರೋ ಕಾಣೆ. ರಾಮ್‌ಗೆ ತಮಿಳು ಸಹ ಬರುತ್ತದೆ, ಪಾಪ. ಎರಡೂ ಭಾಷೆ ಬಲ್ಲ ಹೀರೊ ಅಪರೂಪಕ್ಕೆ ಸಿಕ್ಕರೆ, ಅವನಿಗೆ ಆಡಲು ಎರಡರಲ್ಲೂ ಮಾತಿಲ್ಲ. ನಾಯಕಿ ಕೃತಿ ಶೆಟ್ಟಿ. ಹುಟ್ಟಿದ್ದು ಮುಂಬೈಯಾದರೂ ತುಳು ಮನೆತನದ ಹುಡುಗಿ. ಆಕೆಗೆ ಕೊಟ್ಟದ್ದು ರೇಡಿಯೊದಲ್ಲಿ ಮಾತಾಡುವ ಕೆಲಸ. ಕಥೆಯಲ್ಲಿ ಮಾತ್ರ ಆಕೆಯ ಮಾತನ್ನು ಕೇಳುವವರು ಯಾರೂ ಇಲ್ಲ.

ಕರಾವಳಿ ಈ ಕಾರ್ಖಾನೆಗೆ ಕಳಿಸದ ಕಚ್ಚಾಮಾಲು ಯಾವುದು? ಅನುಷ್ಕಾ ಶೆಟ್ಟಿ ಹೋದರು, ಪೂಜಾ ಹೆಗ್ಡೆ ಹೋದರು. ‘ಕೆಜಿಎಫ್’ನಲ್ಲಿ, 2023ರ ಡಿಸೆಂಬರಿನ ‘ಸಲಾರ್’ನಲ್ಲಿ ಸಂಗೀತದಿಂದ ಪ್ರೇಕ್ಷಕರ ಎದೆಗೂಡು ಅಲುಗಾಡಿಸಿದವರು ಇಲ್ಲೇ ಪಕ್ಕದ ಬಸ್ರೂರಿನ ರವಿ. ಅವರೇ 2019ರಲ್ಲಿ ‘ಗಿರ್ಮಿಟ್’ ಅಂತ ಒಂದು ಸಿನಿಮಾ ನಿರ್ದೇಶಿಸಿದರು. ಸಣ್ಣ ಮಕ್ಕಳಿಗೆ ಮೀಸೆ ಅಂಟಿಸಿ, ಸೀರೆ ಉಡಿಸಿ, ದೊಡ್ಡವರ ಮಸಾಲೆ ಸಿನಿಮಾದ ಪ್ರೀತಿ, ಫೈಟು, ಪಂಚ್ ಡೈಲಾಗು ಎಲ್ಲವನ್ನೂ ಆ ಮಕ್ಕಳ ಕೈಲಿ ಮಾಡಿಸಿದರು. ಈ ಜಾತಿಯ ಸಿನಿಮಾದ ಬಗ್ಗೆ ಅದಕ್ಕಿಂತ ಖಡಕ್ ವಿಮರ್ಶೆ ಕನ್ನಡದಲ್ಲಿ ಬಂದಿಲ್ಲ. ಮೀಸೆ ಅಂಟಿಸಿದ ಹುಡುಗನನ್ನು ಕಂಡು ನಕ್ಕವರೇ ಮುಂದಿನ ವಾರ ಗಡ್ಡ ಬಿಟ್ಟ ಹುಡುಗನನ್ನು ಕಂಡು ಶಿಳ್ಳೆ ಹೊಡೆದದ್ದು ಬೇರೆ ಮಾತು.

ಕೊನೆಗೆ ತಾಯಿಯನ್ನೂ ಕೊಟ್ಟೆವು. ಜೂನಿಯರ್ ಎನ್‌ಟಿಆರ್ ಅವರ ಅಮ್ಮ ಕುಂದಾಪುರದವರು. 2024ರ ಆಗಸ್ಟ್ ಕೊನೆಗೆ ಅವರು ಅಮ್ಮನನ್ನು ಕರೆದುಕೊಂಡು ಉಡುಪಿ ಕೃಷ್ಣನ ದರ್ಶನಕ್ಕೆ ಬಂದರು; ಜತೆಗೆ ರಿಷಬ್ ಶೆಟ್ಟಿ, ಪ್ರಶಾಂತ್ ನೀಲ್. ಅಮ್ಮನ ಆಸೆ ತೀರಿಸಿದ ಮಗನನ್ನು ಮೆಚ್ಚಬೇಕಾದ್ದೇ. ನಮ್ಮವರು ಅಷ್ಟಕ್ಕೆ ಬಿಡಲಿಲ್ಲ. ಅಳಿಯಕಟ್ಟಿನ ಲೆಕ್ಕ ಹಿಡಿದು, ತಾಯಿಮನೆ ಎಲ್ಲಿಯೋ ಮಗನೂ ಅಲ್ಲಿಯವನೇ, ಆದ್ದರಿಂದ ‘ಆರ್‌ಆರ್‌ಆರ್’ ಅರ್ಧ ಕುಂದಾಪುರದ ಸಿನಿಮಾ ಅಂತ ಸಾಧಿಸುವ ಕಟ್ಟೆಪಂಡಿತರು ಹುಟ್ಟಿಕೊಂಡರು. ಉಳಿದರ್ಧ ಯಾರದ್ದು ಅಂತ ಕೇಳಿದರೆ ರಾಮ್‌ಚರಣ್‌ಗೂ ಇಲ್ಲೆಲ್ಲಾದರೂ ಒಬ್ಬ ಅತ್ತೆಯನ್ನು ಹುಡುಕಿಯಾರು.

ಎರಡು ಭಾಷೆಯ ನಿಜವಾದ ಹೀರೊ ಬೇಕಿದ್ದರೆ ಈ ಸೀಮೆಯ ಹೋಟೆಲಿನವರನ್ನು ನೋಡಬೇಕು. ಹದಿಮೂರಕ್ಕೆ ಮನೆ ಬಿಟ್ಟು ಚೆನ್ನೈಯಲ್ಲಿ ಲೋಟ ತೊಳೆದು ತಮಿಳು ಕಲಿತು, ಹೈದರಾಬಾದಿನಲ್ಲಿ ಸಪ್ಲೈಯರ್ ಆಗಿ ತೆಲುಗು ಕಲಿತು, ಗಲ್ಲಾದಲ್ಲಿ ಕೂರುವ ಹೊತ್ತಿಗೆ ನಾಲ್ಕು ಭಾಷೆಯಲ್ಲಿ ಚಿಲ್ಲರೆ ಕೇಳುವಷ್ಟು ಪಳಗಿದವರು. ರಾತ್ರಿ ಹನ್ನೊಂದಕ್ಕೆ ಕುಡಿದು ಬಂದು ಬಿಲ್ಲು ಕೊಡದೆ ಮೇಜು ಗುದ್ದುವ ಗಿರಾಕಿಯನ್ನು, ಅವನ ಭಾಷೆಯಲ್ಲೇ ‘ಅಣ್ಣ’ ಅಂದು, ಕೈ ಎತ್ತದೆ ಹೊರಗೆ ಕಳಿಸಿದ್ದಾರೆ. ಅಂಥವರ ಬದುಕನ್ನು ಯಾರೂ ಸಿನಿಮಾ ಮಾಡುವುದಿಲ್ಲ. ಮೇಜು ಮುರಿಯದಿದ್ದರೆ ಫೈಟ್ ಮಾಸ್ಟರಿಗೆ ಕೆಲಸವೇನು?

ಇನ್ನು ನಮ್ಮ ಭಾಷಾಭಿಮಾನದ ಕಥೆ. 2015ರ ಜುಲೈ 10ರಂದು ಬಂದ ‘ಬಾಹುಬಲಿ’ ಸಹ ತೆಲುಗು, ತಮಿಳು ಎರಡರಲ್ಲೂ ತೆಗೆದದ್ದೇ. ಕನ್ನಡದಲ್ಲಿ ಅದು ಬರಲಿಲ್ಲ. ಡಬ್ಬಿಂಗ್ ಬಂದರೆ ಕನ್ನಡ ಮುಳುಗುತ್ತದೆ ಅಂತ ಗಾಂಧಿನಗರ ಅರವತ್ತರ ದಶಕದಿಂದ ಬಾಗಿಲು ಕಾಯುತ್ತಿತ್ತು. ಹಾಗಾಗಿ ಕನ್ನಡಿಗ ಕನ್ನಡವನ್ನು ಉಳಿಸುವ ಸಲುವಾಗಿ ಮಾಹಿಷ್ಮತಿಯನ್ನು ತೆಲುಗಿನಲ್ಲಿ ನೋಡಿ ಬಂದ. ಅದೇ ತಿಂಗಳ ಕೊನೆಗೆ ಭಾರತೀಯ ಸ್ಪರ್ಧಾ ಆಯೋಗ, ಡಬ್ಬಿಂಗ್ ತಡೆಯುವುದು ತಪ್ಪು ಅಂತ ಚಲನಚಿತ್ರ ವಾಣಿಜ್ಯ ಮಂಡಳಿಗೇ ದಂಡ ಹಾಕಿತು. ಇಷ್ಟೆಲ್ಲ ಗಲಾಟೆಯ ಹಂಗಿಲ್ಲದೆ ಕರಾವಳಿಯ ಯಕ್ಷಗಾನದವರು ಆ ಕಥೆಯನ್ನು ‘ವಜ್ರಮಾನಸಿ’ ಅಂತ ಪ್ರಸಂಗ ಮಾಡಿ, ಬಾಹುಬಲಿಗೆ ಕಿರೀಟ ಕಟ್ಟಿ, ಚೆಂಡೆ ಬಾರಿಸಿ, ಅಚ್ಚಗನ್ನಡದಲ್ಲಿ ಅರ್ಥ ಹೇಳಿಸಿಬಿಟ್ಟರು. ಯಕ್ಷಗಾನದಲ್ಲಿ ಸಿನಿಮಾ ನುಗ್ಗಿತು ಅಂತ ಗೊಣಗಿದವರೂ ಉಂಟು. ನನಗಂತೂ ಕನ್ನಡದ ಅತ್ಯುತ್ತಮ ಡಬ್ಬಿಂಗ್ ಸ್ಟುಡಿಯೊ ಡೇರೆ ಮೇಳದ ರಂಗಸ್ಥಳವೇ ಅನ್ನಿಸುತ್ತದೆ. ತುಟಿ ಹೊಂದಿಸುವ ರಗಳೆ ಇಲ್ಲ, ಪಾತ್ರಧಾರಿಗೆ ತಾನು ಆಡುವ ಮಾತು ತಿಳಿದಿರುತ್ತದೆ.

2022ರ ಸೆಪ್ಟೆಂಬರ್ 30ಕ್ಕೆ ‘ಕಾಂತಾರ’ ಬರೀ ಕನ್ನಡದಲ್ಲಿ ಬಂತು. ನಮ್ಮ ಸೀಮೆಯ ಕೆರಾಡಿಯ ಮಣ್ಣು, ನಮ್ಮ ಮಾತು. ಅಕ್ಟೋಬರ್ ನಡುವೆ ತೆಲುಗಿಗೂ ತಮಿಳಿಗೂ ಡಬ್ ಆಗಿ ಅಲ್ಲೂ ಗೆದ್ದಿತು. ಒಂದೇ ಊರನ್ನು ಗಟ್ಟಿಯಾಗಿ ಹಿಡಿದರೆ ಉಳಿದ ಊರುಗಳು ತಾವಾಗಿ ಬಂದಾವು ಅಂತ ಅದರಿಂದ ಯಾರಾದರೂ ಕಲಿಯುತ್ತಾರೆ ಅಂದುಕೊಂಡೆ. ನಿರ್ಮಾಪಕರು ಕಲಿತದ್ದು ಬೇರೆ: ಬೆಂಕಿ ಬೇಕು, ಕಾಡು ಬೇಕು, ಹಿನ್ನೆಲೆಯಲ್ಲಿ ಯಾರಾದರೂ ಕಿರುಚಬೇಕು.

ಈಗ ಡಬ್ಬಿಂಗಿಗೆ ತಡೆಯಿಲ್ಲ. ಪರಭಾಷೆಯ ಹೆಚ್ಚಿನ ದೊಡ್ಡ ಸಿನಿಮಾಗಳ ಪೋಸ್ಟರಿನಲ್ಲಿ ಕನ್ನಡ ಅಂತ ಒಂದು ಸಾಲು ಇರುತ್ತದೆ. ಥಿಯೇಟರಿನಲ್ಲಿ ಅದಕ್ಕೆ ಬೆಳಗಿನ ಒಂದು ಆಟ ಸಿಕ್ಕರೆ ಪುಣ್ಯ, ಸಂಜೆಯವೆಲ್ಲ ತೆಲುಗಿಗೆ. ಕನ್ನಡದಲ್ಲಿ ಹಾಕಿ ಅಂತ ಕೇಳುವವರಿಲ್ಲ ಅಂತ ಅವರು, ಹಾಕಿದರಲ್ಲವೇ ಕೇಳುವುದು ಅಂತ ನಾವು. ಹಾಕಿದ ದಿನವೂ ನಾವು ಹೋಗುವುದಿಲ್ಲ. ಒರಿಜಿನಲ್‌ನಲ್ಲೇ ನೋಡಬೇಕು ಅನ್ನುವ ರಸಿಕತೆ ನಮ್ಮದು. ಎರಡು ಭಾಷೆಗೆ ಒಟ್ಟಿಗೆ ತುಟಿ ಆಡಿಸಿದ ಸಿನಿಮಾದಲ್ಲಿ ಒರಿಜಿನಲ್ ಯಾವುದು ಅಂತ ತೆಗೆದವರಿಗೂ ನೆನಪಿರಲಿಕ್ಕಿಲ್ಲ.

ಮೊನ್ನೆ ಕುಂದಾಪುರದಲ್ಲಿ ಅಂಥದ್ದೇ ಒಂದು ಸಿನಿಮಾ ಬಿಟ್ಟು ಹೊರಬರುತ್ತಿದ್ದ ಪರಿಚಯದ ಹುಡುಗನನ್ನು ಕೇಳಿದೆ, ‘ತೆಲುಗು ಅರ್ಥ ಆಯ್ತಾ?’

‘ಅರ್ಥ ಆಪುಕೆ ಅದ್ರಗೆ ಎಂತ ಇತ್ತ್ ಮಾರಾಯ್ರೆ?’ ಅಂದ.