ಮೊಬೈಲ್ ಜೋಡಿ ಬಂದದ್ದೊಂದ ಬ್ರೌಸರ್ ಅಲ್ಲ

ಕಾಕಾರ, ಮೊಬೈಲ್ ತಗೊಂಡಾಗ ಅದರಾಗ ಕ್ರೋಮ್ ಇತ್ತು, ಅದನ್ನ ಬಳಸಾಕತ್ತೀರಿ, ಅಷ್ಟ. ಯಾರನ್ನ ಕೇಳಿದ್ರೂ ‘ಗೂಗಲ್‌ನ್ಯಾಗ ನೋಡಿದೆ’ ಅಂತಾರ ಹೊರತು ಯಾವ ಬ್ರೌಸರ್‌ನ್ಯಾಗ ಅಂತ ಹೇಳೂದಿಲ್ಲ. ಕ್ರೋಮ್ ಕೆಟ್ಟದ್ದೇನಲ್ಲ ಬಿಡ್ರಿ, ಓಡೂದು ಜೋರ ಐತಿ. ಆದ್ರ ನಾ ಓದೂದಕ್ಕಂತ ಫೈರ್‌ಫಾಕ್ಸ್ ಇಟ್ಕೊಂಡೀನಿ.

ಯಾಕಂದ್ರ, ಹೆಸರುಕಾಳಿನ ದರ ನೋಡಾಕ ಒಂದು ಸುದ್ದಿ ತಾಣ ತಗದ್ರಿ ಅನ್ರಿ. ಎರಡು ಸಾಲು ಓದೂದ್ರಾಗ ನಡುವ ಒಂದು ಜಾಹೀರಾತು, ಕೆಳಗಿಂದ ಏರಿ ಬರೂದು ಇನ್ನೊಂದು. ಅದನ್ನ ಮುಚ್ಚಾಕ ಹೋದ್ರ ‘ನೋಟಿಫಿಕೇಶನ್ ಕಳಸಲೇನು’ ಅಂತ ಪೆಟ್ಟಿಗಿ ಬರ್ತೈತಿ. ಅವಸರದಾಗ ‘ಅಲೋ’ ಒತ್ತಿದ್ರ ಮುಗೀತು, ಹಗಲೂ ರಾತ್ರಿ ಟಣ್ ಟಣ್. ಆಂಡ್ರಾಯ್ಡ್ ಮೊಬೈಲಿನ ಕ್ರೋಮ್‌ನ್ಯಾಗ ಎಕ್ಸ್‌ಟೆನ್ಶನ್, ಅಂದ್ರ ಬ್ರೌಸರಿಗೆ ಜೋಡಿಸೂ ಸಣ್ಣ ಸಲಕರಣಿ, ಹಾಕಾಕ ಬರೂದಿಲ್ಲ, ಫೈರ್‌ಫಾಕ್ಸ್‌ನ್ಯಾಗ ಬರ್ತೈತಿ. ಯುಬ್ಲಾಕ್ ಆರಿಜಿನ್ ಅಂತ ಒಂದು ಹಾಕ್ಕೊಂಡ್ರ ಈ ಕಾಟ ಬಹಳಷ್ಟು ನಿಲ್ತೈತಿ. ರೀಡರ್ ವ್ಯೂ ಅಂತನೂ ಒಂದೈತಿ. ಒತ್ತಿದ್ರ ಬರೇ ಬರಹ ಉಳೀತೈತಿ, ಅಕ್ಷರ ಬೇಕಾದಷ್ಟು ದೊಡ್ಡದು ಮಾಡ್ಕೋಬಹುದು. ಈಗಷ್ಟ ಪೊರಿ ತಗಸೀರಿ, ನಿಮ್ಮ ಕಣ್ಣಿಗೆ ಅದು ಭಾಳ ಛಲೋ.

ಕನ್ನಡ ಓದೂದಕ್ಕ ಬ್ರೌಸರ್ ಆರಿಸ್ಕೊಳ್ಳೂದು ನಮಗೇನು ಹೊಸಾದಲ್ಲ. ಗುಂಡಿ ಮೊಬೈಲ್ ಇದ್ದಾಗ ಕನ್ನಡ ಪುಟ ತಗದ್ರ ಬರೇ ಚೌಕ ಚೌಕ ಕಾಣ್ತಿದ್ವು, ನೆನಪೈತೇನ್ರಿ? ಆವಾಗ ಹುಡುಗೂರು ಒಪೆರಾ ಮಿನಿ ಹಾಕ್ಕೊಂಡು ಒಂದು ಯುಕ್ತಿ ಮಾಡ್ತಿದ್ರು. ವಿಳಾಸ ಹಾಕೂ ಜಾಗಾದಾಗ ‘ಕಾನ್ಫಿಗ್’ ಅಂತ ಇಂಗ್ಲಿಷಿನ್ಯಾಗ ಬರದು ಮುಂದ ಎರಡು ಚುಕ್ಕಿ ಇಟ್ರ ಒಂದು ಪಟ್ಟಿ ತೆರೀತಿತ್ತು. ಅದರಾಗ ಬಿಟ್‌ಮ್ಯಾಪ್ ಫಾಂಟ್ ಅನ್ನೂ ಸಾಲಿನ ಮುಂದ ‘ನೋ’ ತಗದು ‘ಯೆಸ್’ ಮಾಡಬೇಕು. ಆಮ್ಯಾಲ ಒಪೆರಾದವರ ದೊಡ್ಡ ಕಂಪ್ಯೂಟರ್ ಕನ್ನಡ ಅಕ್ಷರಾನ ಚಿತ್ರ ಮಾಡಿ ಕಳಸ್ತಿತ್ತು, ಮೊಬೈಲಿಗೆ ಕನ್ನಡ ಬರದಿದ್ರೂ ನಮಗ ಓದಾಕ ಬರ್ತಿತ್ತು. ಒತ್ತಕ್ಷರ ಸುದ್ದಾ ಸರಿಯಾಗಿ ಕುಂದರ್ತಿತ್ತು! ಅದಲ್ದ ಪುಟಾನ ಅಲ್ಲೇ ಹಿಂಡಿ ಸಣ್ಣದು ಮಾಡಿ ಕಳಸೂದ್ರಿಂದ ಟೂಜಿ ನೆಟ್ಟಿನ್ಯಾಗನೂ ರೊಕ್ಕ ಉಳೀತಿತ್ತು. ಹಳ್ಳ್ಯಾಗ ಕುಂತು ಕನ್ನಡ ಓದಿದವ್ರಿಗೆ ಆ ಬ್ರೌಸರ್ ಮಾಡಿದ ಉಪಕಾರ ದೊಡ್ಡದು.

ಒಪೆರಾ ಒಂದ ಅಲ್ಲ, ಬ್ಯಾರೆ ಬ್ರೌಸರೂ ಇದ್ವು. ಬೆಂಗಳೂರಾಗ ಹಿಡನ್ ರಿಫ್ಲೆಕ್ಸ್ ಅನ್ನೂ ಕಂಪನಿ 2010ರಾಗ ಎಪಿಕ್ ಅಂತ ಬ್ರೌಸರ್ ತಂತು, ಭಾರತೀಯ ಭಾಷಾದಾಗ ಟೈಪ್ ಮಾಡಾಕ ಅನುಕೂಲ ಇತ್ತು. 2013ರಾಗ ಅದರ ದಾರಿ ಬ್ಯಾರೆ ಆತು, ಖಾಸಗಿತನ ಕಾಯೂದ ಅದರ ಕೆಲಸ ಆತು. ಯುಸಿ ಬ್ರೌಸರ್ ನಿಮ್ಮ ಮಗನ ಮೊಬೈಲಿನ್ಯಾಗ ಇತ್ತಲ್ಲ, ಅದನ್ನ ಸರ್ಕಾರ 2020ರ ಜೂನ್ 29ಕ್ಕ ಇನ್ನೂ 58 ಆ್ಯಪಿನ ಜೋಡಿ ಬಂದ್ ಮಾಡ್ತು. ಇನ್ನೊಂದು ಮಾತು ಕೇಳ್ರಿ, ಅವ್ವಾರ ಕೈಯಾಗಿನ ಜಿಯೋಫೋನ್ ಓಡೂದು ಕಾಯ್‌ಓಎಸ್ ಮ್ಯಾಲ, ಅದು ಹುಟ್ಟಿದ್ದು ಫೈರ್‌ಫಾಕ್ಸ್ ಓಎಸ್‌ನಿಂದ. ಫೈರ್‌ಫಾಕ್ಸ್ ಹೆಸರು ಕೇಳದ ಮಂದಿ ಕೈಯಾಗೂ ಪುಟ ತೋರಸೂ ಅದರ ಎಂಜಿನ್ನ ಇತ್ತು!

ನನಗ ಮನಸಿಗೆ ಹತ್ತಿದ್ದು ಇದ ನೋಡ್ರಿ. ಕ್ರೋಮ್, ಎಡ್ಜ್, ಈಗಿನ ಒಪೆರಾ, ಬ್ರೇವ್, ಹೆಸರು ಬ್ಯಾರೆ ಬ್ಯಾರೆ ಆದ್ರೂ ಆಂಡ್ರಾಯ್ಡ್ ಮೊಬೈಲಿನ್ಯಾಗ ಒಳಗಿನ ಎಂಜಿನ್ ಒಂದ. ಫೈರ್‌ಫಾಕ್ಸಿಂದು ಮಾತ್ರ ಬ್ಯಾರೆ, ಗೆಕ್ಕೋ ಅಂತ. ಅಣ್ಣಿಗೇರಿ ಮಾರ್ಕೆಟ್ಟಿಗೆ ಕಡ್ಲಿ ಒಯ್ದಾಗ ಖರೀದಿಗೆ ಒಬ್ಬನ ವ್ಯಾಪಾರಿ ಇದ್ರ ದರ ಏನಾಗ್ತೈತಿ ಅಂತ ನಿಮಗ ನಾ ಹೇಳಬೇಕಾಗಿಲ್ಲ. ಇಂಟರ್ನೆಟ್ ಎಕ್ಸ್‌ಪ್ಲೋರರ್ ಅನ್ನೂ ಬ್ರೌಸರಿನ ಕಾಲದಾಗ ಹಂಗ ಆಗಿತ್ತು. ಎಷ್ಟೋ ಕನ್ನಡ ತಾಣ ತಮ್ಮದ ಫಾಂಟ್ ಇಟ್ಟಿರ್ತಿದ್ವು, ಅದ್ರಾಗಷ್ಟ ಸರಿಯಾಗಿ ಕಾಣ್ತಿದ್ವು, ಬ್ಯಾರೆ ಕಡೆ ತಗದ್ರ ಬರೇ ಇಂಗ್ಲಿಷ್ ಅಕ್ಷರದ ಗೊಂದಲ. ಅಂಥಾದ್ದು ಮತ್ತ ಬರಬಾರ್ದು. ಅದರ ಮ್ಯಾಲ ಫೈರ್‌ಫಾಕ್ಸಿನ ಮೆನು ಕನ್ನಡಕ್ಕ ತಂದವರು ನಮ್ಮಂಥ ಮಂದೀನ, ಪಗಾರಿಲ್ದ ಕುಂತು ಮಾಡ್ಯಾರ.

ಹಂಗಂತ ಕ್ರೋಮ್ ತಗದು ಒಗೀಬ್ಯಾಡ್ರಿ. ಯಾವುದಾರ ತಾಣ ಫೈರ್‌ಫಾಕ್ಸ್‌ನ್ಯಾಗ ಹಟ ಮಾಡಿದ್ರ ನಾನೂ ಕ್ರೋಮ್ ತಗೀತೀನಿ. ಎರಡೂ ಇರ್ಲಿ.

ನೆಟ್ ಸೆಂಟರಿಗೆ ಪಹಣಿ ತಗಸಾಕ ಹೋದಾಗ ಮಾತ್ರ ಒಂದು ನೆನಪಿಟ್ಕೋರಿ. ಇನ್‌ಕಾಗ್ನಿಟೋ ಕಿಡಕಿ ತಗದು ಮಾಡಿದ್ರ ನೀವು ಎಲ್ಲೆಲ್ಲಿ ಹೋಗಿದ್ರಿ ಅನ್ನೂದು ಬ್ರೌಸರ್‌ನ್ಯಾಗ ಉಳಿಯೂದಿಲ್ಲ, ಖರೆ. ಆದ್ರ ಇಳಿಸ್ಕೊಂಡ ಪಹಣಿ, ಆಧಾರ್ ಎಲ್ಲಾ ಆ ಕಂಪ್ಯೂಟರಿನ ಡೌನ್‌ಲೋಡ್ಸ್‌ನ್ಯಾಗ ಹಂಗ ಕುಂತಿರ್ತಾವ. ಪ್ರಿಂಟ್ ಆದ ಮ್ಯಾಲ ಅದನ್ನ ಅಳಸಿ, ರೀಸೈಕಲ್ ಬಿನ್ನೂ ಖಾಲಿ ಮಾಡಪಾ ಅಂತ ಆ ಹುಡುಗಗ ಹೇಳ್ರಿ, ಸಂಕೋಚ ಮಾಡ್ಕೋಬ್ಯಾಡ್ರಿ.