ಶುಗರ್ ಬಂದೈತೇನ್ರಿ ಮಾಸ್ತರ?

ಮಾಸೂರಿನಲ್ಲಿ ಬೈಕಿನ ಮೇಲೆ ಹೋಗುವವನನ್ನು ಯಾರೂ ಏನೂ ಕೇಳುವುದಿಲ್ಲ. ಕೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವನು ರಟ್ಟೀಹಳ್ಳಿ ದಾರಿ ಹಿಡಿದಿರುತ್ತಾನೆ. ನಡೆದು ಹೋಗುವವನನ್ನು ಕೇಳುವ ಅಗತ್ಯವೇ ಇಲ್ಲ. ಕೈಯಲ್ಲಿ ಕುಡಗೋಲಿದ್ದರೆ ಹೊಲಕ್ಕೆ, ಚೀಲವಿದ್ದರೆ ಬಸ್‌ಸ್ಟ್ಯಾಂಡಿಗೆ. ಆದರೆ ಮನೆಯಲ್ಲಿ ಬೈಕು ಇದ್ದೂ, ಬರಿಗೈಯಲ್ಲಿ, ಅವಸರವಿಲ್ಲದೆ, ಅತ್ತಿತ್ತ ನೋಡುತ್ತ ಸೈಕಲ್ ಹೊಡೆದುಕೊಂಡು ಹೋಗುವ ನಿವೃತ್ತ ಮಾಸ್ತರನೊಬ್ಬ ಊರಿನಲ್ಲಿದ್ದಾನೆಂದರೆ ಅದು ಸಾರ್ವಜನಿಕ ಸಮಸ್ಯೆ.

ಶಿವರಾತ್ರಿಗೆ ಚಳಿ ‘ಶಿವ ಶಿವ’ ಎನ್ನುತ್ತ ಹೋದ ಮೇಲೆ ನಾನು ಅಟ್ಟದ ಬದಿಗಿದ್ದ ಸೈಕಲ್ ಇಳಿಸಿ, ಚೈನಿಗೆ ಎಣ್ಣೆ ಬಿಟ್ಟು ಹೊರಡುತ್ತೇನೆ. ಮೊದಮೊದಲು ಜನ ಸಹಾನುಭೂತಿಯಿಂದಲೇ ಕೇಳಿದರು.

“ಗಾಡಿ ಕೆಟ್ಟೈತೇನ್ರಿ ಮಾಸ್ತರ?”

ಇಲ್ಲ, ಚೆನ್ನಾಗಿದೆ ಎಂದೆ. ಪೆಟ್ರೋಲ್ ರೇಟಿನ ಮಾತು ಬಂತು. ಅದೂ ಅಲ್ಲ ಎಂದೆ. ಆಗ ಚಹಾದಂಗಡಿಯ ಕಟ್ಟೆಯ ಮೇಲೆ ಕೂತವರಲ್ಲಿ ಹಿರಿಯರೊಬ್ಬರು ದನಿ ಇಳಿಸಿ, ತೀರಿಹೋದವರ ಮನೆಗೆ ಮಾತಾಡಿಸಲು ಬಂದವರ ಮುಖ ಮಾಡಿಕೊಂಡು ಕೇಳಿದರು: “ಶುಗರ್ ಬಂದೈತೇನ್ರಿ?”

ಇಲ್ಲವೆಂದರೆ ನಂಬಲಿಲ್ಲ. ಮರುದಿನದಿಂದ ನನ್ನ ಚಹಾಕ್ಕೆ ಸಕ್ಕರೆ ಬೀಳುವುದು ನಿಂತಿತು.

ಹೀಗೆ ಬಿಟ್ಟರೆ ಆಗದೆಂದು ನಾನು ಕಟ್ಟೆಯ ಮೇಲೆ ಕೂತು ವಿಜ್ಞಾನ ಹೇಳಿದೆ. ಮಾಸ್ತರಿಕೆಯ ಚಟ ಪಿಂಚಣಿಯ ಜೊತೆಗೇ ಬರುತ್ತದೆ. 1973ರ ಮಾರ್ಚಿನಲ್ಲಿ, ಅಂದರೆ ಸರಿಯಾಗಿ ಈ ದಿನಮಾನದಲ್ಲೇ, ಎಸ್. ಎಸ್. ವಿಲ್ಸನ್ ಎಂಬವರು ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಒಂದು ಕಿಲೋಮೀಟರ್ ನಡೆಯಲು ಮನುಷ್ಯನಿಗೆ ಎಷ್ಟು ಶಕ್ತಿ ಬೇಕೋ ಅದರ ಐದನೇ ಒಂದು ಪಾಲಿನಲ್ಲಿ ಅವನು ಅಷ್ಟೇ ದೂರ ಸೈಕಲ್ ಮೇಲೆ ಹೋಗಬಲ್ಲ. ಕುದುರೆಯಾಗಲಿ ವಿಮಾನವಾಗಲಿ ಈ ಲೆಕ್ಕದಲ್ಲಿ ಸೈಕಲ್ ಸವಾರನ ಸಮಕ್ಕೆ ಬರುವುದಿಲ್ಲ. ಆದ್ದರಿಂದ, ಎಂದು ನಾನು ಬೆರಳೆತ್ತಿ ಮುಗಿಸಿದೆ, ಸಕ್ಕರೆ ಕರಗಿಸಬೇಕಾದವನು ನಡೆಯುತ್ತಾನೆ. ನಾನು ಉಳಿಸುವವನು.

ಎಲ್ಲರೂ ತಲೆಯಾಡಿಸಿದರು. ಅಂಗಡಿಯ ಹುಡುಗ ಸಕ್ಕರೆ ಇಲ್ಲದ ಚಹಾ ತಂದಿಟ್ಟ.

ನಿಜವಾದ ಕಾರಣ ಹೇಳಿಯೂ ನೋಡಿದ್ದೇನೆ. ದಾರಿಯಲ್ಲಿ ಎತ್ತು ಹೊಡೆದುಕೊಂಡು ಬರುತ್ತಿದ್ದ ರೈತರೊಬ್ಬರಿಗೆ, “ಹೊಂಗಿ ಚಿಗತೈತಿ, ನೋಡ್ಕೋತ ಹೊಂಟೀನಿ” ಎಂದೆ. ಅವರು ನಿಂತು ಹೊಂಗೆಯ ಮರವನ್ನು ಬುಡದಿಂದ ತುದಿಯವರೆಗೆ ನೋಡಿದರು, ನನ್ನನ್ನೂ ಹಾಗೆಯೇ ನೋಡಿದರು. “ನಮ್ಮ ಬದುವಿನ ಮ್ಯಾಲೂ ಚಿಗತೈತ್ರಿ. ದಿನಾ ನೋಡ್ತೀನಿ. ನನಗೇನೂ ಆಗಿಲ್ಲ” ಎಂದು ಎತ್ತಿನ ಹಿಂದೆ ಹೋದರು.

ಆಗುವುದು ಸೈಕಲ್ ಮೇಲೆ ನೋಡಿದರೆ ಮಾತ್ರ ಎಂದು ಅವರಿಗೆ ಹೇಗೆ ತಿಳಿಸಲಿ? ಶಿವರಾತ್ರಿಯಿಂದ ಯುಗಾದಿಯವರೆಗಿನ ಈ ಒಂದು ತಿಂಗಳು ನಮ್ಮ ಸೀಮೆಯಲ್ಲಿ ಎರಡು ಊರುಗಳ ನಡುವೆ ಬಸ್ಸಿಗೆ ಕಾದಂತೆ ಕಾಲ ನಿಂತಿರುತ್ತದೆ. ಗೋವಿನಜೋಳ ಮುಗಿದು ಹೊಲ ಬೋಳಾಗಿದೆ, ಮಳೆಗೆ ಇನ್ನೂ ಹೊತ್ತಿದೆ. ಹೊಲದಲ್ಲಿ ಬಣ್ಣವಿಲ್ಲದ ಈ ದಿನಗಳಲ್ಲೇ ಮರಗಳು ತಮ್ಮ ಸರಕು ಬಿಚ್ಚುತ್ತವೆ. ಹೊಂಗೆಯ ಎಳೆ ಎಲೆ ಮೊದಲು ತಾಮ್ರ, ಆಮೇಲೆ ಗಿಳಿಹಸಿರು. ಈ ಎರಡರ ನಡುವೆ ಒಂದು ಬಣ್ಣವಿದೆ, ಅದು ಬೆಳಗಿನ ಏಳರ ಬಿಸಿಲಿಗೆ ಮಾತ್ರ ಕಾಣುತ್ತದೆ. ಗುಡ್ಡದ ಓರೆಯಲ್ಲಿ ಮುತ್ತಲದ ಗಿಡ ಒಂದೂ ಎಲೆ ಇಟ್ಟುಕೊಳ್ಳದೆ ಮೈತುಂಬ ಕೆಂಪು ಹೂ ಹೊತ್ತು ನಿಂತಿರುತ್ತದೆ. ಹುಣಸೆಮರದ ಕೆಳಗೆ ಹೆಣ್ಣುಮಕ್ಕಳು ಗಳು ಹಿಡಿದು ಹಣ್ಣು ಬಡಿಯುತ್ತಿರುತ್ತಾರೆ. ಅಲ್ಲಿ ಸೈಕಲ್ ನಿಲ್ಲಿಸಿದರೆ ಒಂದು ಬೋಟು ಹುಣಸೆಹಣ್ಣು ಪುಕ್ಕಟೆ ಸಿಗುತ್ತದೆ, ಯಾಕೆ ಬಂದಿರಿ ಎಂಬ ಪ್ರಶ್ನೆಯೂ.

ಬೈಕಿಗೂ ಇದೇ ದಾರಿಯಿದೆ, ಆದರೆ ಬೈಕಿನವನಿಗೆ ವಾಸನೆ ಇಲ್ಲ. ಸೈಕಲ್ಲಿನ ವೇಗದಲ್ಲಿ ವಾಸನೆಗಳು ಸರದಿಯಲ್ಲಿ ಬರುತ್ತವೆ. ಊರು ಬಿಡುವಾಗ ಮಿರ್ಚಿಯ ಎಣ್ಣೆ ಕಾದ ವಾಸನೆ, ಆಮೇಲೆ ತಿಪ್ಪೆ, ತಿಪ್ಪೆ ದಾಟಿದ್ದೇ ಮಾವಿನ ಹೂವಿನದು, ಅದು ಮುಗಿಯುವ ಮೊದಲೇ ಬೇವಿನದು. ಕಾಳಿದಾಸನಿಗೆ ವಸಂತ ಸಿಕ್ಕಿತು, ಒಪ್ಪೋಣ. ಆದರೆ ಮಂಡಕ್ಕಿ-ಮಿರ್ಚಿಯಿಂದ ಮಾವಿನ ಹೂವಿಗೆ ಹೀಗೆ ಸಲೀಸಾಗಿ ದಾಟುವ ಭಾಗ್ಯ ಅವನಿಗಿರಲಿಲ್ಲ.

ನನ್ನ ಸವಾರಿ ಬಹಳ ಸಲ ಮದಗದ ಕೆರೆಯ ಕಡೆಗೆ. ವಿಜಯನಗರದ ಅರಸರ ಕಾಲದಲ್ಲಿ ಕುಮುದ್ವತಿ ಹೊಳೆಗೆ ಅಡ್ಡ ಏರಿ ಹಾಕಿ ಕಟ್ಟಿಸಿದ ಕೆರೆ ಇದು. ಹೊಸನಗರದ ಕಡೆ ಹುಟ್ಟಿ, ಶಿಕಾರಿಪುರ ಬಳಸಿ ಬರುವ ಹೊಳೆ ನಮ್ಮಲ್ಲಿ ಕೂತು ದಣಿವಾರಿಸಿಕೊಂಡು ತುಂಗಭದ್ರೆಗೆ ಹೋಗುತ್ತದೆ. ಕೆರೆಗಾಗಿ ಪ್ರಾಣ ಕೊಟ್ಟ ಕೆಂಚವ್ವನ ಕಥೆಯನ್ನು ಇಲ್ಲಿನ ಅಜ್ಜಿಯರು ನಿನ್ನೆ ನಡೆದದ್ದೆಂಬಂತೆ ಹೇಳುತ್ತಾರೆ. ಮಳೆಗಾಲದಲ್ಲಿ ಕೋಡಿ ಬಿದ್ದರೆ ಬಂಡೆಗಳ ಮೇಲೆ ನೀರು ಧುಮುಕುವುದನ್ನು ನೋಡಲು ಹಾವೇರಿ, ದಾವಣಗೆರೆ ಕಡೆಯಿಂದೆಲ್ಲ ಕಾರು ಬರುತ್ತವೆ. ವಸಂತದಲ್ಲಿ ಕೋಡಿ ಒಣಗಿರುತ್ತದೆ, ಯಾರೂ ಬರುವುದಿಲ್ಲ. ಸೆಲ್ಫಿಗೆ ಏನೂ ಇಲ್ಲದ ಜಾಗದಲ್ಲಿ ಕೊಕ್ಕರೆಗಳೂ ನಾನೂ ನಿರಾತಂಕವಾಗಿ ಕೆಲಸವಿಲ್ಲದೆ ಇರಬಹುದು. ಕೊಕ್ಕರೆಗಳಿಗಾದರೂ ಮೀನಿನ ಕೆಲಸವಿದೆ.

ಏರಿಯ ಮೇಲೆ ಕೂತಾಗ ಬಸವರಸನ ನೆನಪಾಗುತ್ತದೆ. ಜನಜನಿತವಾದ ಕಥೆಯಂತೆ ಸರ್ವಜ್ಞನ ತಂದೆ ಬಸವರಸ ನಮ್ಮ ಮಾಸೂರಿನವನು. ಕಾಶಿಯಾತ್ರೆ ಮುಗಿಸಿ ನಡೆದು ಬರುತ್ತ, ಊರು ಇನ್ನೇನು ಬಂತು ಎನ್ನುವಾಗ ಅಂಬಲೂರಿನ ಕುಂಬಾರರ ಮಾಳಿಯ ಮನೆಯಲ್ಲಿ ತಂಗಿದನಂತೆ; ಸರ್ವಜ್ಞ ಹುಟ್ಟಿದ್ದು ಆ ಮಾಳಿಗೆ. ಹಿರೇಕೆರೂರು ಸೀಮೆಯ ಈ ದಾರಿಗಳಲ್ಲೇ ಅವನು ಕಾಲೆಳೆದುಕೊಂಡು ಬಂದಿರಬೇಕು. ಅವನ ಹತ್ತಿರ ಒಂದು ಸೈಕಲ್ ಇದ್ದಿದ್ದರೆ ಹೊತ್ತು ಮುಳುಗುವುದರೊಳಗೆ ಮನೆ ಮುಟ್ಟಿಬಿಡುತ್ತಿದ್ದ. ಕನ್ನಡಕ್ಕೆ ಸರ್ವಜ್ಞನೇ ಸಿಗುತ್ತಿರಲಿಲ್ಲ. ಜರ್ಮನಿಯ ಕಾರ್ಲ್ ಫಾನ್ ಡ್ರೈಸ್ ತನ್ನ ಎರಡು ಗಾಲಿಯ, ಪೆಡಲಿಲ್ಲದ ಓಡುಬಂಡಿಯನ್ನು 1817ರವರೆಗೆ ಹೊರಗೆ ತರದೆ ಇದ್ದದ್ದು ನಮ್ಮ ಸಾಹಿತ್ಯಕ್ಕೆ ದೊಡ್ಡ ಉಪಕಾರ.

ಹೋಳಿ ಹುಣ್ಣಿಮೆಯ ಹಿಂದುಮುಂದಿನ ದಿನಗಳಲ್ಲಿ ಮಾತ್ರ ಸೈಕಲ್ ಸವಾರಿ ದುಬಾರಿ. ಹಲಗೆ ಬಡಿಯುವ ಹುಡುಗರು ರಸ್ತೆಗೆ ಅಡ್ಡ ಹಗ್ಗ ಹಿಡಿದು ಕಾಮಣ್ಣನ ಪಟ್ಟಿ ಎತ್ತುತ್ತಾರೆ. ಬೈಕಿನವನು ಹಾರ್ನ್ ಹೊಡೆದು ಪಾರಾಗುತ್ತಾನೆ, ಕಾರಿನವನು ಗಾಜು ಏರಿಸುತ್ತಾನೆ. ಪಟ್ಟಿಯ ಪೂರ್ತಿ ಭಾರ ಸೈಕಲ್ಲಿನವನ ಮೇಲೆ.

“ಮಾಸ್ತರ, ನಿಮ್ಮ ಸಾಲ್ಯಾಗ ಕಲ್ತವ್ರು ನಾವು!”

“ಏನು ಕಲಿತ್ರಿ?”

“ಲೆಕ್ಕ! ಐವತ್ತು ಕೊಡ್ರಿ.”

ವಸಂತನ ಗೆಳೆಯನಾದ ಮನ್ಮಥನ ಹೆಸರಿನಲ್ಲಿ ಹಣ ಎತ್ತುತ್ತಿದ್ದಾರಲ್ಲ ಎಂದು ಕೊಡುತ್ತೇನೆ. ಅವನಿಗೇನು, ಗಿಳಿ ವಾಹನ. ಗಾಳಿ ಹೊಡೆಸುವ ಗೋಜಿಲ್ಲ, ಜಾಲಿಮುಳ್ಳು ಚುಚ್ಚುವುದಿಲ್ಲ, ಹಗ್ಗದ ಮೇಲಿಂದ ಹಾರಿಹೋಗುತ್ತಾನೆ. ಅತ್ತ ರಾಣೆಬೆನ್ನೂರಿನಲ್ಲಿ ಹೋಳಿಗೆ ಜೀವಂತ ರತಿ-ಮನ್ಮಥರನ್ನೇ ಕೂರಿಸುತ್ತಾರೆ. ವೇಷ ಹಾಕಿದ ಇಬ್ಬರು ಗಂಡಸರು ಬಿಗಿದ ಮುಖದಲ್ಲಿ ಗಂಟೆಗಟ್ಟಲೆ ಕೂತಿರುತ್ತಾರೆ, ಅವರನ್ನು ನಗಿಸಿದವರಿಗೆ ಬಹುಮಾನ. ಏನೇ ಜೋಕು ಹೊಡೆದರೂ ಅವರು ನಗುವುದಿಲ್ಲ. ಒಮ್ಮೆ ಅವರ ಮುಂದೆ ಸೈಕಲ್ ಒಯ್ದು, ಗಿಡ ಚಿಗುರಿದ್ದು ನೋಡಲು ಮಾಸೂರಿನಿಂದ ಹೊಂಟೀನಿ ಎಂದು ಹೇಳಿ ನೋಡಬೇಕೆಂದಿದೆ.

ಕಾರಣ ಹುಡುಕಿ ಸೋತ ಊರು ಕೊನೆಗೆ ಒಂದು ಉಪಾಯ ಮಾಡಿತು. ಕಾರಣವಿಲ್ಲದವನಿಗೆ ತಾನೇ ಕಾರಣ ಒದಗಿಸಿತು. “ಹೆಂಗೂ ಖಾಲಿ ಹೊಂಟೀರಿ” ಎಂದು ಶುರುವಾಗುವ ಮಾತು ನನ್ನ ಕ್ಯಾರಿಯರಿನಲ್ಲಿ ಮುಗಿಯುತ್ತದೆ. ತೋಟದ ಮನೆಗೆ ಒಂದು ಗುಳಿಗೆ ಚೀಟಿ, ಬೀಗರ ಮನೆಗೆ ನುಗ್ಗೇಕಾಯಿ, ರುಬ್ಬುವ ಕಲ್ಲಿಗೆ ಮುಳ್ಳು ಹೊಡೆಯುವವನಿಗೆ ‘ನಾಳೆ ಬಾ’ ಎಂಬ ಸುದ್ದಿ. ಇದು ಲಗ್ನದ ಸೀಜನ್ನೂ ಹೌದಾದ್ದರಿಂದ ಲಗ್ನಪತ್ರಿಕೆಗಳ ಕಟ್ಟು ಬೇರೆ. ಒಂದು ಮನೆಯಲ್ಲಿ ನನ್ನನ್ನೇ ವರನ ಕಡೆಯ ಹಿರಿಯನೆಂದು ತಿಳಿದು ಉಪ್ಪಿಟ್ಟು ಕೊಟ್ಟರು. ತಿಂದು, ವರ ಒಳ್ಳೆಯವನು ಎಂದು ಹೇಳಿ ಬಂದೆ. ಈಗ ಯಾರೂ ಶುಗರ್ ವಿಷಯ ಕೇಳುವುದಿಲ್ಲ. ಮಾಸ್ತರ ಉಪಯೋಗಕ್ಕೆ ಬಿದ್ದರಲ್ಲ ಎಂಬ ಸಮಾಧಾನ ಊರಿಗೆ. ಮನೆಯಾಕೆಯ ಸಮಾಧಾನ ಅದಕ್ಕೂ ಹೆಚ್ಚು: ಮೂವತ್ತು ವರ್ಷದಿಂದ ಆಕೆ ಹೇಳಿದ ಸಾಮಾನು ತರಲು ಮರೆಯುವವನು ಊರವರದ್ದನ್ನೆಲ್ಲ ಒಂದೂ ಬಿಡದೆ ಮುಟ್ಟಿಸುತ್ತಾನೆ.

ನನ್ನ ತಕರಾರೇನೆಂದರೆ, ಇದೇ ಜನ ಒಂದು ಕಾಲದಲ್ಲಿ ಎಲ್ಲಿಗೂ ಹೋಗದ ಸೈಕಲ್ಲಿಗೆ ದುಡ್ಡು ಕೊಟ್ಟವರು. ನಾವು ಹುಡುಗರಿದ್ದಾಗ ಊರೂರಿಗೆ ಸೈಕಲ್ ಸಾಹಸಿಗಳು ಬರುತ್ತಿದ್ದರು. ಶಾಲೆಯ ಬಯಲಿನಲ್ಲಿ ಕಂಬ ನೆಟ್ಟು, ಮೈಕು ಕಟ್ಟಿ, ಹಗಲು ರಾತ್ರಿ ಕೆಳಗಿಳಿಯದೆ ಸುತ್ತು ಹೊಡೆಯುವುದೇ ಆಟ. ಸೈಕಲ್ ಮೇಲೇ ಸ್ನಾನ, ಸೈಕಲ್ ಮೇಲೇ ಊಟ, ಅದರ ಮೇಲೇ ಟ್ಯೂಬ್‌ಲೈಟ್ ಒಡೆಯುವುದು. ಜನ ಚಾಪೆ ತಂದು ಕೂತು ನೋಡಿದರು, ಸವಾರನ ಅಂಗಿಗೆ ನೋಟು ಚುಚ್ಚಿದರು. ಎಲ್ಲಿಗೆ ಹೊಂಟೀಯಪ್ಪ ಎಂದು ಒಬ್ಬರಾದರೂ ಕೇಳಿದರೆ?

ಹೋದ ಯುಗಾದಿಗೆ ನಮ್ಮ ಹುಡುಗರು ಆಟೋಟ ಇಟ್ಟಿದ್ದರು. ಹಗ್ಗ ಜಗ್ಗಾಟ, ಚಮಚೆಯಲ್ಲಿ ನಿಂಬೆಹಣ್ಣು, ಮತ್ತು ನಿಧಾನ ಸೈಕಲ್ ಸ್ಪರ್ಧೆ. ಎಲ್ಲರಿಗಿಂತ ಕೊನೆಗೆ ಗೆರೆ ಮುಟ್ಟಿದವನು ಗೆದ್ದಂತೆ, ಕಾಲು ನೆಲಕ್ಕೆ ತಾಗಿಸಿದವನು ಔಟು. ಕೇಳುವುದಕ್ಕೆ ಸುಲಭ. ಆದರೆ ಸೈಕಲ್ ಬೀಳದೆ ನಿಲ್ಲುವುದು ಅದು ವಾಲುವ ಕಡೆಗೇ ಹ್ಯಾಂಡಲ್ ತಿರುಗಿಸುವುದರಿಂದ. ವೇಗವಿದ್ದಾಗ ಇದು ಸವಾರನಿಗೆ ಗೊತ್ತಾಗದಂತೆ ನಡೆದುಹೋಗುತ್ತದೆ, ನಿಧಾನವಾದಷ್ಟೂ ಹ್ಯಾಂಡಲ್ ಹುಚ್ಚೆದ್ದು ತಿರುಗಬೇಕು. ಬೈಕಿನಲ್ಲಿ ಮಿಂಚಿನಂತೆ ಹೋಗುವ ಹುಡುಗರೆಲ್ಲ ಹತ್ತು ಮಾರು ಹೋಗುವಷ್ಟರಲ್ಲಿ ದೊಪ್ಪನೆ ಬಿದ್ದರು. ನಾನೂ ಹೆಸರು ಕೊಡಲು ಹೋದೆ. ಸಂಘಟಕ ಕೈ ಮುಗಿದ.

“ಬ್ಯಾಡ್ರಿ ಮಾಸ್ತರ. ನೀವು ದಿನಾ ಪ್ರ್ಯಾಕ್ಟೀಸ್ ಮಾಡ್ತೀರಿ. ಉಳಿದವ್ರಿಗೆ ಅನ್ಯಾಯ ಆಗತೈತಿ.”

ಅಂಪೈರ್ ಮಾಡಿದರು. ಗಂಡಸರ ಸುತ್ತು ಜಗಳದಲ್ಲಿ ಮುಗಿಯಿತು. ಹೆಣ್ಣುಮಕ್ಕಳ ಸುತ್ತಿನಲ್ಲಿ ಒಬ್ಬ ಹೈಸ್ಕೂಲ್ ಹುಡುಗಿ ಹಳೆಯ ಸರ್ಕಾರಿ ಸೈಕಲ್ ತಂದಿದ್ದಳು. ಹೈಸ್ಕೂಲ್ ಹೆಣ್ಣುಮಕ್ಕಳಿಗೆ ಸೈಕಲ್ ಕೊಡುವ ಯೋಜನೆ 2006-07ರಲ್ಲಿ ಶುರುವಾಯಿತು; ಅದನ್ನು ತಂದ ಆಗಿನ ಹಣಕಾಸು ಮಂತ್ರಿ ಬಿ. ಎಸ್. ಯಡಿಯೂರಪ್ಪನವರು ನಮ್ಮ ಪಕ್ಕದ ಶಿಕಾರಿಪುರದವರೇ ಆದ್ದರಿಂದ ಅದನ್ನು ನಾವು ಊರಿನ ಯೋಜನೆ ಎಂದೇ ತಿಳಿದಿದ್ದೇವೆ. ಆಮೇಲೆ ಗಂಡುಹುಡುಗರಿಗೂ ಕೊಟ್ಟರು, ಆಮೇಲೆ ಯೋಜನೆ ನಿಂತಿತು, ಸೈಕಲ್ಲುಗಳು ಮಾತ್ರ ಹುಲ್ಲಿನ ಹೊರೆ, ಹಾಲಿನ ಕ್ಯಾನು ಹೊತ್ತು ಇನ್ನೂ ಓಡಾಡುತ್ತಿವೆ. ಈ ಹುಡುಗಿಯದು ಅವಳ ಅಕ್ಕನಿಗೆ ಬಂದದ್ದಂತೆ. ಮಡ್‌ಗಾರ್ಡ್ ಇಲ್ಲ, ಒಂದು ಪೆಡಲಿಗೆ ಬರೀ ಕಬ್ಬಿಣದ ಸರಳು. ಅವಳು ತುಟಿ ಕಚ್ಚಿ, ಹ್ಯಾಂಡಲ್ ಓಲಾಡಿಸುತ್ತ, ಒಂದೊಂದು ಗೇಣು ಸರಿಯುತ್ತ ಬಂದಳು. ಉಳಿದವರೆಲ್ಲ ಗೆರೆ ಮುಟ್ಟಿಯೋ ಮುಗ್ಗರಿಸಿಯೋ ಮುಗಿದಿದ್ದರು. ಇವಳೊಬ್ಬಳು ಬಯಲಿನ ನಡುವೆ ಇನ್ನೂ ಬರುತ್ತಲೇ ಇದ್ದಳು. ನೋಡುವವರಲ್ಲಿ ಅರ್ಧ ಜನ ಬೇಸತ್ತು ಹೋಳಿಗೆ ಊಟಕ್ಕೆ ಎದ್ದು ಹೋದರು.

ಬಹುಮಾನ ಒಂದು ಸ್ಟೀಲ್ ಡಬ್ಬಿ. ಕೊಡುವ ಮೊದಲು ಅಂಪೈರು ಎರಡು ಮಾತಾಡಬೇಕೆಂದು ಮೈಕು ಕೈಗೆ ಕೊಟ್ಟರು. ನಿಧಾನದ ಮಹತ್ವ ಎಂಬ ವಿಷಯದಲ್ಲಿ ನಾನು ಪೀಠಿಕೆ ಹಾಕುತ್ತಿದ್ದಂತೆ ಅವಳು, “ಸರ, ಲಗೂ ಕೊಡ್ರಿ, ಎಮ್ಮಿ ಹಿಂಡೂ ಹೊತ್ತಾತು” ಎಂದು ಡಬ್ಬಿ ಕಸಿದುಕೊಂಡು ಹ್ಯಾಂಡಲಿಗೆ ಸಿಕ್ಕಿಸಿ, ಆ ಸರಳಿನ ಪೆಡಲ್ ತುಳಿದು, ನಾನು ‘ಮಾನ್ಯರೇ’ ಎನ್ನುವಷ್ಟರಲ್ಲಿ ಓಣಿ ತಿರುಗಿಬಿಟ್ಟಳು.